ಹುಣಿಸೆ ತೋಪಿನಲ್ಲಿ ಕೂರದವಳು

"ನಿಲ್ಸಿ! ಅಲ್ಲೇ ನಿಲ್ಸಿ ಗಾಡಿಯ! ಇನ್ನೊಂದ್ ಹೆಜ್ಜೆ ಮುಂದಕ್ ಬರಬ್ಯಾಡಿ!"

ಮದುವೆ ಮನೆಗೆ ಬಂದ ನೆಂಟರನ್ನು ಯಾರಾದರೂ ಹೀಗೆ ಎದುರುಗೊಳ್ಳುತ್ತಾರೆಯೇ? ಚನ್ನಾಜಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಎತ್ತಿನ ಗಾಡಿಯ ಕಮಾನಿನಿಂದ ತಲೆ ಹೊರಗೆ ಹಾಕಿ ನೋಡಿದಳು. ಕಾಮಗೆರೆಯ ಬೀದಿಗೆ ಅಡ್ಡವಾಗಿ ಒಬ್ಬ ಎತ್ತರದ ಗಂಡಸು ನಿಂತಿದ್ದ. ತಲೆಗೆ ಮದುವೆಯ ಜರಿ ಪೇಟ, ಆದರೆ ಮೂಗು ಬಾಯಿ ಮುಚ್ಚುವಂತೆ ಕಟ್ಟಿದ ವಸ್ತ್ರ! ಕಣ್ಣು ಮಾತ್ರ ಕಾಣುತ್ತಿತ್ತು. ಅವನ ಹಿಂದೆ ಚಪ್ಪರ, ಚಪ್ಪರದೊಳಗಿಂದ ಓಲಗದ ಸದ್ದು.

"ಯಾವೂರವ್ವ ನಿಮ್ದು?"

"ಹೊನ್ನೂರು," ಎಂದಳು ಚನ್ನಾಜಿ, ಗಲ್ಲ ಮೇಲಕ್ಕೆತ್ತಿ. "ಮದ್ವೆ ಎಣ್ಣಿನ ಸೋದರಮಾವನ ಮಗಳು ನಾನು. ಧಾರೆ ಸೀರೆ ತಂದಿವ್ನಿ. ಈ ಸೀರೆ ಒಳಕ್ ಓಗದೆ ಅಲ್ಲಿ ಧಾರೆ ಆಗಕ್ಕಿಲ್ಲ. ಇಲ್ಲೇ ನಿಲ್ಸಿಕತೀರಾ?"

ಅವನ ಕಣ್ಣು ಒಂದು ಕ್ಷಣ ನಕ್ಕಂತಾಯಿತು. ಮತ್ತೆ ಗಂಭೀರವಾಯಿತು.

"ಸೀರೆ ತರ್ಬೇಕಾದ ಸೋದರಮಾವ ಎಲ್ಲಿ?"

"ಅಪ್ಪಯ್ಯ ಮೈಸೂರ್ಗೆ ಓಗವ್ರೆ. ಕೋರ್ಟ್ ಕೆಲ್ಸ."

"ನಿಮ್ಮನೇಲಿ ಯಾರ್ಗೂ ಜ್ವರ ಇಲ್ಲ ತಾನೇ?"

ಗಾಡಿ ಹೊಡೆಯುತ್ತಿದ್ದ ಚಿಕ್ಕಮಾದಯ್ಯ, ಅವರ ಮನೆಯ ಹಳೇ ಆಳು, ತಲೆ ಬಗ್ಗಿಸಿ ಎತ್ತಿನ ಹಗ್ಗ ಸರಿಮಾಡತೊಡಗಿದ.

"ನೋಡಿ, ಇದ್ರೆ ಯೋಳ್ಬುಡಿ, ಬೇಜಾರಿಲ್ಲ," ಎಂದ ಅವನು, ದನಿ ತಗ್ಗಿಸಿ. "ಅಗೋ, ಕಾಲ್ವೆ ಆಚೆ ಹುಣಿಸೆ ತೋಪಲ್ಲಿ ಚಾಪೆ ಆಸಿವ್ನಿ. ಊಟ ಅಲ್ಲಿಗೇ ಬತ್ತದ. ಸೀರೆಯ ಬಿಸ್ಲಲ್ಲಿ ಅರ‍್ಡಿ ಒಳಕ್ ಕಳುಸ್ತೀನಿ. ಗಂಡು ಎಣ್ಣ ಕಾಲ್ವೆ ಗಂಟ ನಾನೇ ಕರ್ಕಂಡ್ ಬತ್ತೀನಿ, ಈಚೆ ನಿಂತ್ಕತಾರೆ. ಅಲ್ಲಿಂದ್ಲೇ ಅಕ್ಷತೆ ಆಕಿ ಅರಸಿ. ನಾನು ರೇಷ್ಮೆ ತಕ್ಕೊಂಡ್ ಕೊಯಮತ್ತೂರ್ಗೆ ಓಗಿದ್ದೆ ಕಣವ್ವ... ಅಲ್ಲಿ ಬೀದೀಲಿ ನೋಡ್ಬಾರದ್ದ ನೋಡ್ಬುಟ್ಟು ಬಂದೆ. ಅದ್ಕೇ ಕೇಳ್ತಿರಾದು."

ಸೋದರಮಾವನ ಮನೆಯವರು ತೋಪಿನಲ್ಲಿ ಕೂತು ಉಣ್ಣುವುದೇ! ನಾಳೆ ಮದುವಣಗಿತ್ತಿ ಶಂಕರಿಗೆ ಅತ್ತೆಮನೆಯಲ್ಲಿ ಏನು ಮರ್ಯಾದೆ ಉಳಿದೀತು? 'ನಿನ್ನ ತಾಯಿಯ ತವರಿನವರು ಮರದಡಿ ಉಂಡು ಹೋದರಲ್ಲ' ಎಂದು ಆಡಿಕೊಳ್ಳುವುದಿಲ್ಲವೇ?

"ಇಲ್ಲ," ಎಂದಳು ಚನ್ನಾಜಿ. "ಯಾರ್ಗೂ ಇಲ್ಲ."

"ನಿಮ್ ಮಾತೇ ಸಾಕು. ಬನ್ನಿ," ಎಂದು ಅವನು ಪಕ್ಕಕ್ಕೆ ಸರಿದ.

ಅಷ್ಟೇ. ಅಷ್ಟು ಸಲೀಸಾಗಿ ಹೊರಬಿತ್ತು ಸುಳ್ಳು. ಹೊನ್ನೂರಿನ ಮನೆಯ ನಡುಮನೆಯಲ್ಲಿ ಅವಳ ಅಪ್ಪ ಮಹದೇವಯ್ಯ ಕಂಬಳಿ ಹೊದ್ದು ಕೆಂಡದಂಥ ಜ್ವರದಲ್ಲಿ ಮಲಗಿದ್ದ. ಹೊರಡುವ ಗಳಿಗೆಯವರೆಗೂ ಅವನಿಗೆ ಗಂಜಿ ಕುಡಿಸಿ, ಬೆವರು ಒರೆಸಿದವಳು ಇವಳೇ.

"ಓಗು ಮಗಳೇ, ಸೀರೆ ಮುಟ್ಟಿಸ್ಬುಟ್ಟು ಬಾ. ತಂಗಿ ಮಗಳ ಮರ್ಯಾದೆ ಓದ್ರೆ ನನ್ನೆಸ್ರೂ ಓದಂಗೆ," ಎಂದು ಅಪ್ಪನೇ ಕಳಿಸಿದ್ದ.

ಅವಳೂ ತಲೆಗೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿ, ಹೊಸ ಸೀರೆ ಉಟ್ಟು ಗಾಡಿ ಹತ್ತಿದ್ದಳು. ಮಡಿಯುಟ್ಟ ಮೇಲೆ ರೋಗ ಮನೆಯಲ್ಲೇ ಉಳಿಯುತ್ತದೆ, ಮೈಗೆ ಅಂಟಿಕೊಂಡು ಬರುವುದಿಲ್ಲ ಎಂದು ಅವಳ ಎಣಿಕೆ. ಹೊನ್ನುಹೊಳೆ ದಾಟುವಾಗ ಗಂಟಲು ಸ್ವಲ್ಪ ಕೆರೆಯಿತು. ದಾರಿಯ ಧೂಳು ಎಂದುಕೊಂಡಳು.

ಅದು ದೊಡ್ಡ ಯುದ್ಧ ಮುಗಿದ ವರ್ಷ. ಯುದ್ಧ ಮುಗಿಯಿತೆಂದು ದೊರೆಗಳು ಸಂತೋಷಪಟ್ಟರಂತೆ. ನಮ್ಮ ಊರುಗಳಲ್ಲಿ ಸಂತೋಷಪಡುವುದಕ್ಕೆ ಪುರುಸೊತ್ತಿರಲಿಲ್ಲ. ಹೊಸ ಜ್ವರ ಬಂದು ಮನೆಗಳ ಬಾಗಿಲು ಬಡಿಯುತ್ತಿತ್ತು. ಮೈಸೂರು ಸೀಮೆಯ ಹೊನ್ನೂರು, ಮದರಾಸು ಸೀಮೆಯ ಕಾಮಗೆರೆ ಎಂದು ಅದು ಗಡಿ ನೋಡಲಿಲ್ಲ.

* * *

ಧಾರೆ ಚೆನ್ನಾಗಿಯೇ ಆಯಿತು. ಮದುವಣಗಿತ್ತಿ ಶಂಕರಮ್ಮ ಮಧುವನಹಳ್ಳಿಯವಳು, ಚನ್ನಾಜಿಗೆ ಜೀವದ ಗೆಳತಿ. ಮಾವನ ಮನೆಯ ಸೀರೆ ಉಟ್ಟು ಹಸೆಮಣೆಗೆ ಬಂದವಳು ಚನ್ನಾಜಿಯ ಕೈ ಹಿಡಿದು ಪಿಸುಗುಟ್ಟಿದಳು.

"ನೀನ್ ಬರಕ್ಕಿಲ್ಲ ಅಂತ ಎದುರ್ಕಂಡಿದ್ದೆ ಕಣಕ್ಕ. ಜೀವ ಬಂತು!"

ಮದುವೆ ಗಂಡು ಪುಟ್ಟಬಸಪ್ಪ. ದಾರಿಗೆ ಅಡ್ಡ ನಿಂತಿದ್ದವನು ಅವನ ತಮ್ಮ ರುದ್ರಸ್ವಾಮಿ ಎಂದು ಚನ್ನಾಜಿಗೆ ಆಮೇಲೆ ತಿಳಿಯಿತು. ಮೂಗಿನ ವಸ್ತ್ರ ಬಿಚ್ಚಿದ ಮೇಲೆ ನೋಡುವ ಹಾಗೆಯೇ ಇದ್ದ. ಅವಳು ನೋಡಲಿಲ್ಲ ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ, ಬಿಡಿ.

ಅವನೇ ಹುಡುಕಿಕೊಂಡು ಬಂದ.

"ಬಾಗ್ಲಲ್ಲಿ ಒರಟಾಗಿ ಮಾತಾಡ್ಬುಟ್ಟೆ. ಮನಸ್ಗೆ ಮಡಿಕಬ್ಯಾಡಿ."

"ಏನಿಲ್ಲ ಬುಡಿ," ಎಂದಳು. ಅಷ್ಟರಲ್ಲಿ ಕೆಮ್ಮು ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಅವನ ಮುಖ ನೋಡಲು ಧೈರ್ಯ ಸಾಲಲಿಲ್ಲ. "ದಾರಿ ದೂಳು..." ಎಂದಳು.

"ನನ್ ಗಂಟ್ಲಲ್ಲೂ ದಾರಿ ದೂಳು ಇನ್ನೂ ಅಂಗೇ ಅದ," ಎಂದು ಅವನೂ ಕೆಮ್ಮಿ ನಕ್ಕ. ಒಳಗೆ ಹೋಗಿ ಮೆಣಸು ಬೆಲ್ಲ ಕುದಿಸಿದ ನೀರು ತಂದುಕೊಟ್ಟ.

ಅಯ್ಯೋ ಶಿವನೇ... ಇವನು ಇಷ್ಟು ಒಳ್ಳೆಯವನಾಗಿರಬಾರದಿತ್ತು! ಈಗಲೇ ಹೇಳಿಬಿಡಲೇ? 'ನಾನು ಸುಳ್ಳು ಹೇಳಿದೆ, ನನ್ನನ್ನು ತೋಪಿಗೆ ಕಳಿಸಿ' ಎಂದು? ಮೆಣಸಿನ ನೀರು ಕುಡಿದು ಲೋಟ ಹಿಂದಕ್ಕೆ ಕೊಟ್ಟಳು, ಅಷ್ಟೇ.

ಆಮೇಲೆ ಬೂವದ ಊಟ. ಒಂದೇ ದೊಡ್ಡ ತಟ್ಟೆಗೆ ಅನ್ನ, ತುಪ್ಪ, ಹಾಲು, ಬೆಲ್ಲ ಸುರಿದು, ಗಂಡು ಹೆಣ್ಣಿನ ಎರಡೂ ಕಡೆಯ ಹತ್ತಿರದವರು ಸುತ್ತ ಕೂತು ಒಬ್ಬರ ಬಾಯಿಗೆ ಒಬ್ಬರು ತುತ್ತಿಡುವ ಶಾಸ್ತ್ರ. ಅದನ್ನು ಉಂಡ ಮೇಲೇ ಬೀಗತನ ಗಟ್ಟಿ.

"ಈ ವರ್ಸ ಬೂವ ಬ್ಯಾಡ ಕಣವ್ವ," ಎಂದ ರುದ್ರಸ್ವಾಮಿ ತಾಯಿಗೆ. "ಬ್ಯಾರೆ ಬ್ಯಾರೆ ಎಲೇಲಿ ಉಣ್ಣಿ."

ಅವನ ತಾಯಿ ದೊಡ್ಡಬಸಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. "ಏನ್ ಮಾತ್ಲಾ ಅದು! ನನ್ ಮಗನ ಮದ್ವೇಲಿ ಬೂವ ಇಲ್ವಾ? ಬೀದೀಲಿ ಬಾಗ್ಲ ಕಾದಿದ್ದು ಸಾಲ್ದಾ ನಿಂಗೆ?"

ಎಲ್ಲರೂ ನಕ್ಕರು. ರುದ್ರಸ್ವಾಮಿ ಸೋತು ಚನ್ನಾಜಿಯ ಕಡೆ ತಿರುಗಿದ.

"ಸೋದರಮಾವನ ಮನೆಯೋರು, ನೀವಾದ್ರೂ ಒಂದ್ ಮಾತ್ ಯೋಳಿ. ನೀವ್ ಬ್ಯಾಡ ಅಂದ್ರೆ ಅವ್ವ ಕೇಳ್ತಾಳೆ."

ಎಲ್ಲರ ಕಣ್ಣೂ ಅವಳ ಮೇಲೆ. ಬೇಡ ಎನ್ನುವ ಒಂದೇ ಮಾತು... ಅಷ್ಟು ಸಾಕಾಗಿತ್ತು! ಆದರೆ ಯಾಕೆ ಬೇಡ ಎಂದು ಯಾರಾದರೂ ಕೇಳಿದರೆ?

ಚನ್ನಾಜಿ ಸುಮ್ಮನೆ ತಲೆ ತಗ್ಗಿಸಿದಳು.

ದೊಡ್ಡಬಸಮ್ಮ ಅವಳನ್ನು ಎಳೆದು ಪಕ್ಕದಲ್ಲೇ ಕೂರಿಸಿಕೊಂಡಳು. ತಾನೇ ತುತ್ತು ಕಲಸಿ ಅವಳ ಬಾಯಿಗಿಟ್ಟಳು. ಆಮೇಲೆ ಮಗುವಿನಂತೆ ತನ್ನ ಬಾಯಿ ತೆರೆದು ಕಾದಳು. ಚನ್ನಾಜಿ ತುತ್ತೆತ್ತಿ ಇಟ್ಟಳು.

"ನಿನ್ ಕೈ ಯಾಕ್ ಕೂಸೇ ಇಷ್ಟು ಬಿಸಿ!" ಎಂದಳು ದೊಡ್ಡಬಸಮ್ಮ. ಆಮೇಲೆ ರುದ್ರಸ್ವಾಮಿಯ ಕಡೆ ಕಣ್ಣು ಮಿಟುಕಿಸಿ, "ಇಂಥ ಬಿಸಿ ಕೈಯೋಳೇ ಬೇಕು ಕಣ್ಲಾ ನಮ್ಮನೆಗೆ. ಸುಗ್ಗಿ ಆಗ್ಲಿ, ಹೊನ್ನೂರ್ಗೆ ಎಲೆ ಅಡಿಕೆ ತಕ್ಕೊಂಡ್ ಓಯ್ತೀನಿ!" ಎಂದು ಗಟ್ಟಿಯಾಗಿ ನಕ್ಕಳು.

ರುದ್ರಸ್ವಾಮಿ ನಾಚಿ ಎದ್ದುಹೋದ. ಚನ್ನಾಜಿಯ ಎದೆ ಸಂತೋಷಕ್ಕೆ ಬಡಿದುಕೊಂಡಿತೋ ಭಯಕ್ಕೋ ಅವಳಿಗೇ ತಿಳಿಯಲಿಲ್ಲ.

* * *

ಮನೆ ಸೇರುವಷ್ಟರಲ್ಲಿ ಅವಳಿಗೇ ಜ್ವರ ಏರಿತ್ತು. ಅಪ್ಪ ಎದ್ದ, ಅವಳು ಮಲಗಿದಳು. ಎಷ್ಟೋ ದಿನದ ಮೇಲೆ ಕಣ್ಣು ಬಿಟ್ಟು ನೆಟ್ಟಗೆ ಕೂತಾಗ, ಚಿಕ್ಕಮಾದಯ್ಯ ಕಾಮಗೆರೆಯ ಸುದ್ದಿ ತಂದು ಜಗಲಿಯ ಕೆಳಗೆ ನಿಂತಿದ್ದ.

"ದೊಡ್ಡಬಸಮ್ಮೋರು ಓಗ್ಬುಟ್ರು ಕಣವ್ವ."

ಚನ್ನಾಜಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಮದ್ವೆ ಮನೆ ಚಪ್ಪರ ಬಿಚ್ಚಿರ್ಲಿಲ್ವಂತೆ. ಅದರಡೀಲೇ ಮಡಗಿದ್ರಂತೆ. ಮನೆ ಮಂದಿಯೆಲ್ಲ ಮಲಗಿ ಎದ್ರು, ಆವಮ್ಮ ಏಳ್ಲಿಲ್ಲ. ಇನ್ನೊಂದ್ ಮಾತು... ನಮ್ ಶಂಕರವ್ವನ ಕಾಲ್ಗುಣ ಸರಿಗಿಲ್ಲ ಅಂತವ್ರೆ. ಸೊಸೆ ಬಂದ ಗಳಿಗೆ ಅತ್ತೆಯ ತಿಂದ್ಕಂತು ಅಂತ ನೆಂಟ್ರೆಲ್ಲ ಬೈತಾವ್ರೆ. ಸತ್ತ ಆವಮ್ಮನ ಕಾರ್ಯ, ಗಣಾರಾಧನೆ ಮುಗಿಸ್ಬುಟ್ಟು ತವರ್ಗೆ ಅಟ್ಬುಡಾದು ಅಂತ ತೀರ್ಮಾನ ಆಗದ."

"ಮತ್ತೆ... ಅವ್ರು?" ಎಂದಳು.

"ಚಿಕ್ಕೆಜಮಾನ್ರು ರುದ್ರಸ್ವಾಮ್ಯೋರಾ? ನಿಮ್ಮನ್ನೇ ಕೇಳಿದ್ರು. ಆ ಕೂಸ ಮನೆ ತುಂಬುಸ್ಕೊ ಅಂತ ಅವ್ವ ಕೊನೇಗಂಟ ಯೋಳ್ತಿದ್ರಂತೆ. ದುಕ್ಕ ಕಳೀಲಿ, ಬಂದು ಕೇಳ್ತೀನಿ ಅಂದವ್ರೆ."

ಅವಳು ಗೋಡೆಗೆ ಒರಗಿದಳು. ತುತ್ತಿಟ್ಟ ಕೈಯನ್ನೇ ನೋಡಿಕೊಂಡಳು. ಈ ಕೈ... ಈ ಕೈಯೇ!

ಸುಮ್ಮನಿದ್ದರೆ? ಸುಗ್ಗಿ ಮುಗಿಯುತ್ತದೆ, ಅವನು ಬರುತ್ತಾನೆ, ಎಲೆ ಅಡಿಕೆ ಬರುತ್ತದೆ. ಶಂಕರಿ ಮಾತ್ರ ತವರಿನ ಮೂಲೆಯಲ್ಲಿ ಮುಖ ಮುಚ್ಚಿ ಕೂತಿರುತ್ತಾಳೆ, ಮಾಡದ ತಪ್ಪಿಗೆ. ಬಾಯಿ ಬಿಟ್ಟರೆ ಶಂಕರಿ ಉಳಿಯುತ್ತಾಳೆ. ಅವನು ಉಳಿಯುವುದಿಲ್ಲ. ತನ್ನ ತಾಯಿಯ ಬಾಯಿಗೆ ಸಾವು ಇಟ್ಟವಳ ಮುಖವನ್ನು ಯಾವ ಮಗ ತಾನೇ ನೋಡಿಯಾನು?

ಮಹದೇವಯ್ಯ ಮಗಳ ಪಕ್ಕ ಬಂದು ಕೂತ. ಆ ಜ್ವರದಲ್ಲಿ ಹಣ್ಣಾಗಿಹೋಗಿದ್ದ.

"ಸುಮ್ನಿರು ಮಗಳೇ. ಯಾರ್ಗೂ ಗೊತ್ತಿಲ್ಲ. ತಪ್ ನಂದು, ಕಳಿಸ್ದೋನು ನಾನು."

"ನೀನು ಸೀರೆ ಕೊಟ್ಬುಟ್ಟು ಬಾ ಅಂದೆ ಅಪ್ಪಯ್ಯ. ಸುಳ್ ಯೋಳು ಅಂದಿರ್ಲಿಲ್ಲ," ಎಂದಳು ಚನ್ನಾಜಿ. "ಸುಳ್ ನಂದೇಯ. ಗಾಡಿ ಕಟ್ಸು."

* * *

ಗಣಾರಾಧನೆಯ ದಿನ ಕಾಮಗೆರೆಗೆ ಬಂದವಳು ಬೀದಿಗೆ ಕಾಲಿಡಲಿಲ್ಲ. ಕಾಲುವೆಯ ಆಚೆ ಹುಣಿಸೆ ತೋಪಿನಲ್ಲಿ ಗಾಡಿ ನಿಲ್ಲಿಸಿ ಚಿಕ್ಕಮಾದಯ್ಯನನ್ನು ಕಳಿಸಿದಳು.

ಹಿರಿಯರು ಬಂದರು. ಪುಟ್ಟಬಸಪ್ಪ ಬಂದ. ಅವನ ಹಿಂದೆ ಅತ್ತು ಅತ್ತು ಮುಖ ಊದಿಸಿಕೊಂಡ ಶಂಕರಿ. ಎಲ್ಲರಿಗಿಂತ ಹಿಂದೆ ರುದ್ರಸ್ವಾಮಿ. ಅವಳನ್ನು ಕಂಡೊಡನೆ ಅವನ ಬತ್ತಿದ ಮುಖದಲ್ಲಿ ಬೆಳಕು ಮೂಡಿತು.

"ಒಳಕ್ ಬನ್ನಿ, ಅಲ್ಯಾಕ್ ನಿಂತಿರಿ?" ಎಂದ ಅವನು.

"ಬ್ಯಾಡಿ, ಇಲ್ಲೇ ಇರ್ತೀನಿ. ಅವತ್ತೇ ಇಲ್ಲಿ ಕೂರ್ಬೇಕಾಗಿತ್ತು." ಅವಳು ಕೈಮುಗಿದಳು. "ಶಂಕರಿ ಕಾಲ್ಗುಣ ಅಲ್ಲ ಇದು. ನಾನು ಸುಳ್ ಯೋಳ್ದೆ. ನಮ್ಮಪ್ಪಯ್ಯ ಮೈಸೂರ್ಗೆ ಓಗಿರ್ಲಿಲ್ಲ, ಜ್ವರ ಬಂದು ಮಲಗಿದ್ರು. ನಂಗೂ ಮೈ ಬೆಚ್ಚಗಿತ್ತು. ಮರ್ಯಾದೆ ಓಯ್ತದ ಅಂತ ಮುಚ್ಚಿಟ್ಟೆ. ಬೂವದಲ್ಲಿ ಅತ್ತೆಮ್ಮನ ಬಾಯ್ಗೆ ತುತ್ತಿಟ್ಟೋಳು ನಾನು... ಬೈಯಾದಾದ್ರೆ ನನ್ನ ಬೈರಿ. ಹೊಡೆಯಾದಾದ್ರೂ ನನ್ನೇ ಹೊಡೀರಿ. ಆ ಮಗೀನ ಬುಟ್ಬುಡಿ!"

ಯಾರೋ ಹೆಂಗಸು ಮಣ್ಣು ತೂರಿ ಶಾಪ ಹಾಕಿದಳು. ಪುಟ್ಟಬಸಪ್ಪ ಹಲ್ಲು ಕಚ್ಚಿ ನಿಂತ. ಹಿರಿಯನೊಬ್ಬ ನಿಟ್ಟುಸಿರಿಟ್ಟು, "ಅಂಗಾರೆ ಸೊಸೆ ಮೇಲೆ ಮಾತಿಲ್ಲ. ಮನೇಲೇ ಇರ್ಲಿ," ಎಂದ.

"ಅಕ್ಕಾ..." ಎಂದು ಕೂಗಿ ಶಂಕರಿ ಮುಂದೆ ಬಂದಳು. ಯಾರೋ ಹಿಡಿದುಕೊಂಡರು.

ಚನ್ನಾಜಿ ಒಬ್ಬನನ್ನೇ ನೋಡುತ್ತಿದ್ದಳು. ರುದ್ರಸ್ವಾಮಿಯ ಮುಖ ಬಿಳುಚಿಕೊಂಡಿತ್ತು. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಆಮೇಲೆ ಬೆನ್ನು ತಿರುಗಿಸಿ, ದುಡುದುಡು ಹೆಜ್ಜೆ ಹಾಕುತ್ತಾ ಮನೆಯ ಕಡೆ ಹೊರಟುಹೋದ.

ಒಂದು ಬೈಗುಳವೂ ಇಲ್ಲ! ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

* * *

ಸಂಕ್ರಾಂತಿ ಕಳೆಯಿತು. ಜ್ವರ ಹೇಗೆ ಬಂದಿತ್ತೋ ಹಾಗೇ ಹೊರಟುಹೋಯಿತು. ಊರಲ್ಲಿ ಮತ್ತೆ ಚಪ್ಪರಗಳು ಎದ್ದವು. ಯಾರು ಕರೆದರೂ ಚನ್ನಾಜಿ ಮದುವೆಗೆ ಹೋಗಲಿಲ್ಲ. ಓಲಗ ಕೇಳಿದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಶಂಕರಿ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ ಎಂಬ ಸುದ್ದಿ ಬಂದಾಗ ಮಾತ್ರ ಒಂದಿಷ್ಟು ನೆಮ್ಮದಿ. ಊಟಕ್ಕೆ ಕೂತರೆ ತುತ್ತು ಬಾಯಿಗೆ ಎತ್ತುವಾಗ ದಿನವೂ ಆ ನಗುವ ಮುಖ ನೆನಪಾಗುತ್ತಿತ್ತು.

ಒಂದು ಬೆಳಗ್ಗೆ ಅವಳು ಕಣದಲ್ಲಿ ಭತ್ತ ತೂರುತ್ತಿದ್ದಳು. ಮೊರ ಇಳಿಸಿ ನೋಡಿದರೆ, ಎದುರಿಗೆ ರುದ್ರಸ್ವಾಮಿ!

ಇಳಿದುಹೋಗಿದ್ದ. ಗಡ್ಡ ಬೆಳೆದಿತ್ತು.

"ಅಪ್ಪಯ್ಯ ಮನೇಲವ್ರೆ," ಎಂದಳು, ನೆಲ ನೋಡುತ್ತಾ.

"ನಿನ್ ತಾವ್ಲೇ ಮಾತಾಡ್ಬೇಕು." ಅವನು ಹುಲ್ಲಿನ ಮೆದೆಗೆ ಒರಗಿದ. "ಕೊಯಮತ್ತೂರಿಂದ ಬರ್ವಾಗ ಸತ್ಯಮಂಗ್ಲದ ಛತ್ರದಲ್ಲಿ ನಂಗೆ ಜ್ವರ ಬಂದಿತ್ತು ಚನ್ನಾಜಿ. ಮೈ ಕೈಯೆಲ್ಲ ನೋವು. ಶೀತ ಅಂತ ಕಷಾಯ ಕುಡ್ದು ಎದ್ ಬಂದೆ. ಮದ್ವೆ ಎದುರ‍್ಗಿತ್ತು, ಮನೇಲಿ ಯಾರ್ಗೂ ಯೋಳ್ಲಿಲ್ಲ. ಬಾಗ್ಲಲ್ಲಿ ನಿಂತ್ಕಂಡು ಬಂದೋರ್ನೆಲ್ಲ ಕೇಳ್ದೆ. ನನ್ನ ಮಾತ್ರ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಕಳ್ಲಿಲ್ಲ."

ಚನ್ನಾಜಿಯ ಕೈಯಿಂದ ಮೊರ ಜಾರಿತು.

"ಅವ್ವನ ಪಕ್ಕದಲ್ಲೇ ಮಲಗ್ತಿದ್ದೆ, ಅವ್ಳ ತಟ್ಟೇಲೇ ಉಣ್ತಿದ್ದೆ," ಎಂದ ಅವನು. "ನೀನು ತೋಪಲ್ಲಿ ನಿಂತು ಎಲ್ಲ ಯೋಳ್ವಾಗ ನಂಗೇನನ್ನಿಸ್ತು ಗೊತ್ತಾ? ಅಬ್ಬ, ಬಚಾವಾದೆ ಅನ್ನಿಸ್ತು! ಅಂಗನ್ನಿಸ್ದ ಮೇಲೆ ನಿನ್ ಮುಖ ನೋಡಕ್ಕಾಗ್ಲಿಲ್ಲ. ಓಡೋದೆ."

ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು!

"ಇಷ್ಟ್ ದಿನ!" ಎಂದಳು. "ಇಷ್ಟ್ ದಿನ ನಾನೊಬ್ಳೇ ಸಾಯ್ಸಿದ್ದು ಅಂತ ಒಂದ್ ತುತ್ತು ನೆಟ್ಟಗೆ ಉಂಡಿಲ್ಲ ನಾನು. ನಿಮ್ಗೆ ಗೊತ್ತಿದ್ದೂ ಸುಮ್ನಿದ್ರಾ?"

"ಸುಮ್ನಿದ್ದೆ. ಹೇಡಿ ನಾನು."

"ನಿಮ್ಮಣ್ಣಂಗೆ ಗೊತ್ತಾ?"

"ನೆನ್ನೆ ಊರೋರ ಮುಂದೆ ಯೋಳ್ದೆ. ನಿಂಗೆ ಮಣ್ ತೂರಿದ್ರಲ್ಲ, ಅವ್ರ ಮುಂದೆಲ್ಲಾನೂವೆ. ಅಣ್ಣ ಹೊಡಿಯಕ್ಕೆ ಕೈಯೆತ್ತಿದ. ಹೊಡೀಲಿಲ್ಲ, ಕುಕ್ಕರಗಾಲಲ್ಲಿ ಕೂತ್ಕಂಡು ಅತ್ತ. ಅದ ಮುಗಿಸ್ದೆ ನಿನ್ ಮುಂದೆ ಬರ್ಬಾರ್ದು ಅಂತಿತ್ತು, ಮುಗಿಸ್ ಬಂದೆ."

ಗಾಳಿ ಬೀಸಿತು. ತೂರಿದ ಹೊಟ್ಟು ಇಬ್ಬರ ಮೇಲೂ ಹಾರಿ ಬಿತ್ತು. ಯಾರೂ ಕೊಡವಿಕೊಳ್ಳಲಿಲ್ಲ.

ಅವಳು ಕೇಳಿದಳು. "ಅಂಗಾರೆ... ನನ್ ತಪ್ಪು ಇಲ್ವಾ?"

ಅದನ್ನು ಕೇಳುವಾಗ ಅವಳ ಕಣ್ಣಲ್ಲಿ ಎಂಥ ಆಸೆಯಿತ್ತೆಂದರೆ, ಇಲ್ಲ ಎಂದುಬಿಡಬೇಕು ಎನಿಸಿತು ಅವನಿಗೆ. ಆದರೆ ಸುಳ್ಳು ಇಬ್ಬರಿಗೂ ಸಾಕಾಗಿತ್ತು.

"ಅದ. ನಿಂದೂ ಅದ, ನಂದೂ ಅದ," ಎಂದ. "ಯಾರಿಂದ ಬಂತು ಅಂತ ಆ ಶಿವಂಗೇ ಗೊತ್ತು, ನಮ್ಗೆ ಯಾವತ್ತೂ ಗೊತ್ತಾಗಕ್ಕಿಲ್ಲ. ಇಬ್ರೂ ಒಟ್ಗೆ ಹೊತ್ಕಳವ ಅಂತ ಕೇಳಕ್ ಬಂದಿವ್ನಿ."

ಆಗ ಅತ್ತಳು ಚನ್ನಾಜಿ. ಇಷ್ಟು ತಿಂಗಳು ತಡೆದುಕೊಂಡಿದ್ದೆಲ್ಲ ಒಮ್ಮೆಗೇ ಬಂತು. ಅವನು ಹತ್ತಿರ ಬಂದು, ಮುಟ್ಟಲೋ ಬೇಡವೋ ಎಂದು ತಡವರಿಸಿ, ಕೊನೆಗೆ ಅವಳ ಬಲಗೈಯನ್ನು ಮೆಲ್ಲಗೆ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಅವಳು ಎಳೆದುಕೊಳ್ಳಲು ನೋಡಿದಳು, ಅವನು ಬಿಡಲಿಲ್ಲ.

"ಅಲ್ಲ ಕಣ್ರಿ..." ಎಂದಳು ಬಿಕ್ಕುತ್ತಾ. "ದಿನಾ ನನ್ನ ನೋಡಿದ್ರೆ ನಿಮ್ಗೆ ಅವ್ವ ನೆನಪಾಗಕ್ಕಿಲ್ವಾ?"

"ಆಯ್ತಾಳೆ."

"ಆವಾಗ ಏನ್ ಮಾಡೀರಿ?"

ಅವನ ಕಣ್ಣೂ ತುಂಬಿತ್ತು.

"ಅಳ್ತೀನಿ," ಎಂದ. "ನಿನ್ ಮುಂದಲ್ದೆ ಇನ್ಯಾರ ಮುಂದೆ ಅಳ್ಲಿ ಚನ್ನಾಜಿ?"